ನಾದದಾಸೋಹ: ವೆನಿಸ್ಸಿನ ಜಾಲರಿಯಿಂದ ಗದುಗಿನ ಪುಣ್ಯಾಶ್ರಮದವರೆಗೆ

ಕಿನ್ನರಿ ಬೊಮ್ಮಯ್ಯನ ಪ್ರಸಂಗವು ಶರಣಚರಿತ್ರೆಗಳನ್ನು ಓದಿದವರಿಗೆ ಪರಿಚಿತವಾದುದೇ. ಅಕ್ಕಸಾಲಿಕೆಯನ್ನು ಬಿಟ್ಟ ಈ ಶರಣನು ತ್ರಿಪುರಾಂತಕನ ಸನ್ನಿಧಿಯಲ್ಲಿ ಕಿನ್ನರಿ ನುಡಿಸುತ್ತಿದ್ದನು. ಅದರಿಂದ ದಿನದಿನವೂ ದೊರೆತ ಹೊನ್ನನ್ನು ಜಂಗಮದಾಸೋಹಕ್ಕೆ ಸವೆಸುತ್ತಿದ್ದನು ಎಂಬುದು ಕಥೆ. ಶಿವನೇ ಹೊನ್ನು ಕೊಟ್ಟನೆಂಬ ಭಾಗವು ಪುರಾಣದ್ದು. ಅದನ್ನು ಇತಿಹಾಸದ ಪ್ರಮಾಣವಾಗಿ ಯಾರೂ ಮುಂದಿಡಲಾರರು. ಆದರೆ ಕಥೆಯೊಳಗಿನ ಒಂದು ವಿಚಾರವು ಗಮನಾರ್ಹವಾಗಿದೆ. ನುಡಿಸಿದವನು ಬೇರೆ, ದಾಸೋಹ ಮಾಡಿದವನು ಬೇರೆ ಎಂಬ ಭೇದವು ಅಲ್ಲಿಲ್ಲ. ಕಿನ್ನರಿಯೇ ಅವನ ಕಾಯಕ, ಅದರ ಫಲವೇ ದಾಸೋಹ.

ನಮ್ಮ ಕಾಲದಲ್ಲಿ ಇದಕ್ಕೆ ಹತ್ತಿರವಾದ ಒಂದು ರೂಢಿಯುಂಟು. ಶಾಲೆಯ ಕಟ್ಟಡಕ್ಕೆ, ದವಾಖಾನೆಗೆ, ಪ್ರವಾಹ ಪೀಡಿತರ ನಿಧಿಗೆ, ಅನಾಥ ಮಕ್ಕಳ ವಸತಿಗೆ ಎಂದು ಏರ್ಪಡಿಸುವ 'ಸಹಾಯಾರ್ಥ' ಸಂಗೀತ ಕಚೇರಿ ಹಾಗೂ 'ಸಹಾಯಾರ್ಥ' ನಾಟಕಗಳೇ ಅವು. ಈ ಶಬ್ದವನ್ನು ಹೊತ್ತ ಭಿತ್ತಿಪತ್ರಗಳನ್ನು ಕಾಣದ ಊರು ಕನ್ನಡನಾಡಿನಲ್ಲಿ ಇರಲಾರದು. ಆದರೆ ಯಾರು ಹಾಡಿದರು, ಯಾರು ಕೇಳಿದರು, ಯಾರಿಗೆ ಸಹಾಯವಾಯಿತು, ಸಹಾಯ ಪಡೆದವರು ಆ ಬಳಿಕ ಏನಾದರು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ.

ಈ ಪ್ರಶ್ನೆಗಳು ನನಗೆ ಹೊಳೆದುದು ಗ್ರಂಥಗಳಿಂದಲ್ಲ. ನಾನು ಶಿಕ್ಷಕನಾಗಿದ್ದ ಒಂದು ಹಳ್ಳಿಯಲ್ಲಿ, ಮಳೆಗೆ ಸೋರುತ್ತಿದ್ದ ಶಾಲೆಗೆ ಎರಡು ಕೋಣೆಗಳನ್ನು ಕಟ್ಟಿಸಬೇಕೆಂದು ಊರ ಹಿರಿಯರು ಒಂದು ಸಂಗೀತ ಕಚೇರಿಯನ್ನು ಏರ್ಪಡಿಸಿದ್ದರು. ಗಾಯಕರು ಸಂಭಾವನೆಯನ್ನು ಮುಟ್ಟಲಿಲ್ಲ. ಹಂದರ, ಗ್ಯಾಸಬತ್ತಿ, ಊಟೋಪಚಾರಗಳ ಖರ್ಚು ಕಳೆದು ಉಳಿದ ಹಣದಲ್ಲಿ ಒಂದು ಕೋಣೆಯ ಗೋಡೆಗಳು ಮಾತ್ರ ಎದ್ದವು. ಅದಕ್ಕಾಗಿ ನನಗೆ ವ್ಯಥೆಯಿಲ್ಲ. ಎಷ್ಟಾಯಿತೋ ಅಷ್ಟೇ ಲಾಭ. ಆದರೆ ಕಚೇರಿಯ ನಡುವೆ ನಾನು ಹೊರಗೆ ಬಂದಾಗ, ಯಾರ ಹೆಸರಿನಲ್ಲಿ ಟಿಕೀಟುಗಳು ಮಾರಾಟವಾಗಿದ್ದವೋ ಆ ನನ್ನ ವಿದ್ಯಾರ್ಥಿಗಳು ಬಿದಿರು ತಟ್ಟಿಯ ಸಂದಿಗೆ ಕಿವಿಯಿಟ್ಟು ನಿಂತಿದ್ದರು. ಅವರಿಗೆ ಒಳಗೆ ಸ್ಥಳವಿರಲಿಲ್ಲ. ಬಾಗಿಲಲ್ಲಿದ್ದವರಿಗೆ ಹೇಳಿ ಅವರನ್ನು ಒಳಗೆ ಬಿಡಿಸಲು ನನಗೂ ಆಗ ತೋಚಲಿಲ್ಲ. ಸಹಾಯಾರ್ಥ ಸಂಗೀತದ ಇತಿಹಾಸವನ್ನು ಈ ತಟ್ಟಿಯ ಒಳಗು-ಹೊರಗುಗಳ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸಂಗೀತದಿಂದ ಅನಾಥರನ್ನು ಪೋಷಿಸಿದ ಸಂಸ್ಥೆಗಳಲ್ಲಿ ಜಗದ್ವಿಖ್ಯಾತವಾದುವು ಇಟಲಿಯವು. ವೆನಿಸ್ ನಗರದಲ್ಲಿ 'ಪಿಯೆತಾ' ಎಂಬ ಅನಾಥಾಲಯವು 1346ರಲ್ಲಿ ಸ್ಥಾಪನೆಗೊಂಡಿತು. ತಾಯಿತಂದೆಗಳು ಬಿಟ್ಟುಹೋದ ಕೂಸುಗಳಿಗೆ ಅದು ಆಶ್ರಯವಿತ್ತಿತು. ಹುಡುಗರನ್ನು ಕಸಬು ಕಲಿಯಲು ಕಳುಹಿಸುತ್ತಿದ್ದರು. ಹುಡುಗಿಯರಲ್ಲಿ ಕಂಠವೂ ಕೈಯೂ ಉಳ್ಳವರನ್ನು ಆರಿಸಿ ಸಂಗೀತ ಕಲಿಸುತ್ತಿದ್ದರು. 1703ರಲ್ಲಿ ಅಂತೋನಿಯೊ ವಿವಾಲ್ದಿಯು ಇಲ್ಲಿ ಪಿಟೀಲಿನ ಗುರುವಾಗಿ ನೇಮಕಗೊಂಡನು. ಅವನ ಅನೇಕ ರಚನೆಗಳು ಈ ಹೆಣ್ಣುಮಕ್ಕಳಿಗಾಗಿಯೇ ಹುಟ್ಟಿದವು. ಅವರ ಗಾಯನ ವಾದನಗಳನ್ನು ಕೇಳಲು ದೂರ ದೇಶಗಳಿಂದ ಪ್ರವಾಸಿಗಳು ಬರುತ್ತಿದ್ದರು. ಕೇಳಿದವರು ಕಾಣಿಕೆ ಕೊಡುತ್ತಿದ್ದರು. ಆ ಕಾಣಿಕೆಯು ಮನೆಯ ಪೋಷಣೆಗೆ ಒದಗುತ್ತಿತ್ತು. ಅದೇ ಮನೆಯಲ್ಲಿ ಬೆಳೆದ ಆನ್ನಾ ಮರಿಯಾ ಎಂಬವಳು ಯುರೋಪೇ ಮೆಚ್ಚಿದ ಪಿಟೀಲು ವಾದಕಿಯಾಗಿ, ಅಲ್ಲಿಯೇ ಕಿರಿಯರಿಗೆ ಗುರುವೂ ಆದಳು. ಕುಲದ ಹೆಸರಿಲ್ಲದ ಅವಳನ್ನು ಜಗತ್ತು 'ಪಿಯೆತಾದ ಆನ್ನಾ ಮರಿಯಾ' ಎಂದೇ ಕರೆಯಿತು.

ನೇಪಲ್ಸ್ ನಗರದಲ್ಲಿ ಹುಡುಗರಿಗಾಗಿ ಇಂತಹ ನಾಲ್ಕು ಆಶ್ರಯಗಳಿದ್ದವು. ಅಲ್ಲಿಯ ಬಾಲಕರು ಮೆರವಣಿಗೆಗಳಲ್ಲಿಯೂ ಶವಸಂಸ್ಕಾರಗಳಲ್ಲಿಯೂ ಹಾಡಿ ಸಂಸ್ಥೆಗೆ ಹಣ ತರುತ್ತಿದ್ದರು. ಈ ಆಶ್ರಯಗಳಿಗೆ 'ಕನ್ಸರ್ವತೋರಿಯೊ' ಎಂದು ಹೆಸರು. ಕಾಪಾಡುವ ಸ್ಥಳವೆಂದು ಅದರ ಅರ್ಥ. ಇಂದು ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡ ಸಂಗೀತ ವಿದ್ಯಾಲಯಗಳನ್ನು 'ಕನ್ಸರ್ವೇಟರಿ' ಎಂದು ಕರೆಯುತ್ತಾರಷ್ಟೆ. ಆ ಶಬ್ದದ ಮೂಲದಲ್ಲಿರುವುದು ಅನಾಥಾಲಯ ಎಂಬುದನ್ನು ಅಲ್ಲಿ ಕಲಿಯುವವರೂ ಬಹುಮಟ್ಟಿಗೆ ಮರೆತಿದ್ದಾರೆ.

ಆದರೆ ವೆನಿಸ್ಸಿನಲ್ಲಿಯೂ ಒಂದು ತಟ್ಟಿಯಿತ್ತು. ಹೆಣ್ಣುಮಕ್ಕಳು ಹಾಡುತ್ತಿದ್ದುದು ಎತ್ತರದ ಮೊಗಸಾಲೆಯಲ್ಲಿ, ಲೋಹದ ಜಾಲರಿಯ ಹಿಂದೆ. ಕೇಳುವವರಿಗೆ ಧ್ವನಿ ಮಾತ್ರ ತಲುಪುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಫ್ರೆಂಚ್ ಭಾಷೆಯ ಪ್ರಸಿದ್ಧ ಲೇಖಕ ರೂಸೋ 1740ರ ದಶಕದಲ್ಲಿ ವೆನಿಸ್ಸಿನಲ್ಲಿದ್ದಾಗ ಪಿಯೆತಾದಂತಹುದೇ ಇನ್ನೊಂದು ಆಶ್ರಯದ ಗಾಯಕಿಯರನ್ನು ಕೇಳಿ ಮನಸೋತನು. ಹಟ ಹಿಡಿದು ಅವರನ್ನು ಭೇಟಿಯಾದನು. ಒಬ್ಬಳಿಗೆ ಒಂದು ಕಣ್ಣಿರಲಿಲ್ಲ, ಇನ್ನೊಬ್ಬಳ ಮುಖವನ್ನು ಸಿಡುಬು ಕೆಡಿಸಿತ್ತು. ಮೊದಲು ಅವನು ನಿರಾಶನಾದರೂ, ಅವರ ಒಡನಾಟದ ಬಳಿಕ ಗಾಯನವು ಅವನಿಗೆ ಮೊದಲಿನಷ್ಟೇ ಮಧುರವಾಗಿ ಕೇಳಿಸಿತೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಜಾಲರಿಯ ಹಿಂದಿನ ಬದುಕಿಗೆ ಇನ್ನೊಂದು ಕಟ್ಟಳೆಯೂ ಇತ್ತು. ಮದುವೆಯಾಗಿ ಹೊರಗೆ ಹೋಗುವ ಗಾಯಕಿಯು ಮುಂದೆ ಸಾರ್ವಜನಿಕವಾಗಿ ಹಾಡುವುದಿಲ್ಲವೆಂದು ಒಪ್ಪಿಕೊಡಬೇಕಾಗಿತ್ತು. ಸಂಸ್ಥೆಯು ಕೊಟ್ಟ ವಿದ್ಯೆಯು ಸಂಸ್ಥೆಯ ಹೊಸ್ತಿಲಲ್ಲಿಯೇ ಉಳಿಯಬೇಕು. 1797ರಲ್ಲಿ ವೆನಿಸ್ ಗಣರಾಜ್ಯವು ಪತನವಾದ ಸಂದರ್ಭದಲ್ಲಿ ಈ ಪರಂಪರೆಯೂ ಕ್ಷೀಣಿಸಿತು.

ಇಂಗ್ಲೆಂಡಿನಲ್ಲಿ ಇದೇ ಕಾರ್ಯವು ಬೇರೊಂದು ರೀತಿಯಲ್ಲಿ ನಡೆಯಿತು. ಜರ್ಮನಿಯಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ಹ್ಯಾಂಡೆಲನ 'ಮೆಸಾಯ' ಎಂಬ ಮಹಾಗಾನಪ್ರಬಂಧವು ಮೊದಲು ಕೇಳಿಬಂದುದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, 1742ರ ಏಪ್ರಿಲ್ 13ರಂದು. ಅದು ಸಹಾಯಾರ್ಥ ಪ್ರಯೋಗವೇ ಆಗಿತ್ತು. ಹುಟ್ಟುವಳಿಯ ಭಾಗಿಗಳು ಯಾರೆಂಬುದನ್ನು ಮೊದಲೇ ಪ್ರಕಟಿಸಿದ್ದರು: ಸಾಲ ತೀರಿಸಲಾರದೆ ಸೆರೆಮನೆ ಸೇರಿದವರು, ಮರ್ಸರ್ ಆಸ್ಪತ್ರೆ ಮತ್ತು ಬಡವರ ಇನ್ನೊಂದು ಚಿಕಿತ್ಸಾಲಯ. ಹೆಚ್ಚು ಜನ ಹಿಡಿಸಲೆಂದು, ಸ್ತ್ರೀಯರು ಅಗಲವಾದ ಬಳೆಗಟ್ಟಿನ ಲಂಗಗಳಿಲ್ಲದೆಯೂ ಪುರುಷರು ಖಡ್ಗಗಳಿಲ್ಲದೆಯೂ ಬರಬೇಕೆಂದು ಮನವಿ ಮಾಡಿದ್ದರು. ಸುಮಾರು 700 ಮಂದಿ ಕೂಡಿದರು, ಸುಮಾರು 400 ಪೌಂಡು ಹಣ ಬಂದಿತು. ಅದು ಮೂರು ಪಾಲಾಗಿ, ಸೆರೆಯವರ ಪಾಲಿನಿಂದ 142 ಸಾಲಗಾರರು ಬಿಡುಗಡೆಯಾದರು. ಒಂದು ಮಧ್ಯಾಹ್ನದ ಗಾನದಿಂದ ಇಷ್ಟು ಜನ ಬಂಧಮುಕ್ತರಾದರೆಂಬುದು ಸಾಮಾನ್ಯ ಸಂಗತಿಯಲ್ಲ.

ಲಂಡನ್ನಿನಲ್ಲಿ ಥಾಮಸ್ ಕೋರಮ್ ಎಂಬ ನಾವಿಕನು 1739ರಲ್ಲಿ ರಾಜಶಾಸನ ಪಡೆದು ಪರಿತ್ಯಕ್ತ ಶಿಶುಗಳಿಗಾಗಿ 'ಫೌಂಡ್ಲಿಂಗ್ ಹಾಸ್ಪಿಟಲ್' ಸ್ಥಾಪಿಸಿದನು. ಹಾಸ್ಪಿಟಲ್ ಎಂಬ ಶಬ್ದಕ್ಕೆ ಇಲ್ಲಿ ಆಶ್ರಯಧಾಮವೆಂದೇ ಅರ್ಥ. 1749ರಲ್ಲಿ ಅಲ್ಲಿಯ ಪ್ರಾರ್ಥನಾಮಂದಿರದ ಕಟ್ಟಡವು ಪೂರ್ಣವಾಗುವ ಮೊದಲೇ ಹ್ಯಾಂಡೆಲನು ಅದರ ಸಹಾಯಾರ್ಥ ಕಚೇರಿ ನಡೆಸಿಕೊಟ್ಟನು. 1750ರಲ್ಲಿ ಅಲ್ಲಿಯೇ 'ಮೆಸಾಯ'ವನ್ನು ಹಾಡಿಸಿದಾಗ ಎಷ್ಟೋ ಮಂದಿಗೆ ಸ್ಥಳ ಸಿಗದೆ, ಅದೇ ತಿಂಗಳಲ್ಲಿ ಮತ್ತೊಮ್ಮೆ ಹಾಡಿಸಬೇಕಾಯಿತು. ಮುಂದೆ ಅದು ವರ್ಷವರ್ಷದ ವ್ರತದಂತಾಯಿತು. ಈ ಅವಧಿಯಲ್ಲಿಯೇ ಹ್ಯಾಂಡೆಲನು ದೃಷ್ಟಿಯನ್ನು ಕಳೆದುಕೊಂಡನು. ಆದರೂ ಕಚೇರಿಗಳನ್ನು ಬಿಡಲಿಲ್ಲ. 1759ರಲ್ಲಿ ತೀರಿಕೊಂಡಾಗ ತನ್ನ ಉಯಿಲಿನ ಮೂಲಕ ಆ ಕೃತಿಯ ಒಂದು ಪ್ರತಿಯನ್ನೂ ಅನಾಥಾಲಯಕ್ಕೆ ಬಿಟ್ಟುಹೋದನು. ನಿಸ್ಪೃಹವಾದ ಇಂತಹ ಸೇವೆಗೆ ತಲೆಬಾಗದೆ ಇರಲಾಗದು.

ಇಷ್ಟಾದರೂ ಮುಂದಿನ ಘಟನೆಯೊಂದು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಸಂಗೀತದ ಇತಿಹಾಸಕಾರನಾದ ಚಾರ್ಲ್ಸ್ ಬರ್ನಿಯು 1770ರಲ್ಲಿ ಇಟಲಿಯನ್ನು ಸುತ್ತಿ ವೆನಿಸ್ ನೇಪಲ್ಸ್‌ಗಳ ಆಶ್ರಯಗಳನ್ನು ಕಂಡು ಬಂದನು. 1774ರಲ್ಲಿ ಅವನೂ ಜ್ಯಾರ್ಡೀನಿ ಎಂಬ ಪಿಟೀಲು ವಾದಕನೂ ಸೇರಿ, ಲಂಡನ್ನಿನ ಆ ಅನಾಥಾಲಯದಲ್ಲಿಯೇ ಒಂದು ಸಂಗೀತ ಪಾಠಶಾಲೆಯನ್ನು ತೆರೆಯಬೇಕೆಂದೂ ಅಲ್ಲಿಯ ಮಕ್ಕಳಲ್ಲಿ ಪ್ರತಿಭೆಯುಳ್ಳವರನ್ನು ಗಾಯಕ ವಾದಕರನ್ನಾಗಿ ತಯಾರು ಮಾಡಬೇಕೆಂದೂ ಯೋಜನೆ ಸಲ್ಲಿಸಿದರು. ಆಡಳಿತದವರು ಮೊದಲು ಒಪ್ಪಿ, ಬಳಿಕ ಕೈಬಿಟ್ಟರು. ಸಂಗೀತವು ಭೋಗದ ವಿದ್ಯೆ. ಅನಾಥ ಮಕ್ಕಳು ದುಡಿಮೆಯ ಕಸಬುಗಳಿಗೆ ತಕ್ಕವರು ಎಂಬುದು ಎದ್ದ ಆಕ್ಷೇಪ. ಮಕ್ಕಳು ಪ್ರಾರ್ಥನಾಮಂದಿರದಲ್ಲಿ ಹಾಡುತ್ತಿದ್ದುದುಂಟು. ಟಾಮ್ ಗ್ರೆನ್‌ವಿಲ್ ಎಂಬ ಅಂಧ ಬಾಲಕನು ಅಲ್ಲಿಯೇ ಬೆಳೆದು ಆರ್ಗನ್ ವಾದಕನಾದುದೂ ಉಂಟು. ಆದರೆ ಅದು ಅಪವಾದವಾಗಿ ಉಳಿಯಿತೇ ಹೊರತು ನಿಯಮವಾಗಲಿಲ್ಲ. ಸಂಗೀತದ ಹಣದಿಂದ ಅನಾಥರಿಗೆ ಅನ್ನ ಹಾಕಬಹುದು, ಸಂಗೀತವನ್ನು ಮಾತ್ರ ಅವರ ಕೈಗೆ ಕೊಡಬಾರದು ಎಂಬುದೇ ಆ ತೀರ್ಮಾನದ ತಾತ್ಪರ್ಯವಾಯಿತು. ನನ್ನ ಶಾಲೆಯ ಬಿದಿರು ತಟ್ಟಿಯೂ ಅದನ್ನೇ ಹೇಳುತ್ತಿತ್ತೆಂದು ಈಗ ತೋರುತ್ತದೆ.

ಈ ಹಿನ್ನೆಲೆಯಲ್ಲಿ ನಮ್ಮ ನಾಡಿನ ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಚರಿತ್ರೆಯನ್ನು ನೋಡಬೇಕು. ಇದಕ್ಕೂ ಇಟಲಿಗೂ ಯಾವ ಕೊಡುಕೊಳ್ಳುವಿಕೆಯೂ ಇದ್ದಂತಿಲ್ಲ. ಇದರ ಬೇರು ಹಾನಗಲ್ಲಿನಲ್ಲಿದೆ. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು (1867-1930) 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭಾ ತೀರದಲ್ಲಿ ಶಿವಯೋಗ ಮಂದಿರವನ್ನೂ ಸ್ಥಾಪಿಸಿದುದು ಸರ್ವವಿದಿತವಾಗಿದೆ. ಅವರ ಇನ್ನೊಂದು ಕಾರ್ಯವು ಅಷ್ಟೇ ದೂರಗಾಮಿಯಾದುದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ, ಗುರುಬಸಯ್ಯ ಎಂಬ ಇಬ್ಬರು ಸಹೋದರರು ಹುಟ್ಟುಗುರುಡರಾಗಿದ್ದರು, ಇಬ್ಬರಿಗೂ ಸುಕಂಠವಿತ್ತು. ಅಂದಿನ ಹಳ್ಳಿಯಲ್ಲಿ ಅಂತಹ ಮಕ್ಕಳ ಮುಂದಿದ್ದ ದಾರಿಯೆಂದರೆ ಮನೆಮನೆಯ ಮುಂದೆ ಹಾಡಿ ಬೇಡುವುದು. ಸ್ವಾಮಿಗಳು ಅವರಿಗೆ ಭಿಕ್ಷೆ ಹಾಕಿ ಕಳುಹಿಸಲಿಲ್ಲ. ತಮ್ಮ ಬಳಿ ಇಟ್ಟುಕೊಂಡು ಸಂಗೀತ ಕಲಿಸಿದರು. ಗುರುಬಸಯ್ಯ ಬಹುಕಾಲ ಬದುಕಲಿಲ್ಲ. 1892ರಲ್ಲಿ ಜನಿಸಿದ ಗದಿಗೆಯ್ಯನೇ ಮುಂದೆ ಕರ್ನಾಟಕ ಹಾಗೂ ಹಿಂದೂಸ್ತಾನಿ ಉಭಯ ಪದ್ಧತಿಗಳನ್ನೂ ಸಾಧಿಸಿದ ಪಂಚಾಕ್ಷರಿ ಗವಾಯಿಗಳಾದರು.

ಪಂಚಾಕ್ಷರಿ ಗವಾಯಿಗಳು ಕಲಿತ ವಿದ್ಯೆಯಿಂದ ದೊಡ್ಡ ಸಂಸ್ಥಾನವೊಂದರ ಆಸ್ಥಾನ ವಿದ್ವಾಂಸರಾಗಿ ನೆಮ್ಮದಿಯಿಂದ ಇರಬಹುದಾಗಿತ್ತು. ಹಾಗೆ ಮಾಡದೆ, ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ, ಬಡತನದ ಮಕ್ಕಳನ್ನು ಕೂಡಿಸಿಕೊಂಡು ಸಂಗೀತ ಪಾಠಶಾಲೆಯನ್ನು ತೆರೆದರು. ಜಾತಿಮತಗಳ ಪ್ರಶ್ನೆ ಅಲ್ಲಿ ಏಳಲಿಲ್ಲ. ಶುಲ್ಕವೂ ಇಲ್ಲ. ಗದುಗಿನಲ್ಲಿ ನೆಲೆಗೊಳ್ಳುವ ಮುನ್ನ ಅದು ಸಂಚಾರಿ ಪಾಠಶಾಲೆಯಾಗಿತ್ತು. ಗುರುವೂ ಶಿಷ್ಯರೂ ತಂಬೂರಿ, ಹಾರ್ಮೋನಿಯಂ, ತಬಲಾಗಳನ್ನು ಹೊತ್ತು ಊರಿಂದೂರಿಗೆ ಹೋಗುವುದು. ಮಠದಲ್ಲಿಯೋ ಗುಡಿಯಲ್ಲಿಯೋ ಇಳಿಯುವುದು. ಸಂಜೆಗೆ ಹಾಡುವುದು, ಕೀರ್ತನ ಪುರಾಣಗಳನ್ನು ನಡೆಸುವುದು. ಊರವರು ಕೊಟ್ಟ ಕಾಳು ಕಾಸುಗಳಿಂದ ಹೊಟ್ಟೆ ಹೊರೆಯುವುದು. ಹೀಗಾಗಿ ಪಾಠ ಮತ್ತು ಕಚೇರಿ ಬೇರೆಬೇರೆಯಾಗಿರಲಿಲ್ಲ. ಮಧ್ಯಾಹ್ನ ಕಲಿತ ಸ್ವರವನ್ನು ರಾತ್ರಿ ಜನರ ಮುಂದೆ ಒಪ್ಪಿಸಬೇಕಾಗಿತ್ತು. ಮಳೆ ಬಂದ ವರ್ಷ ಜೋಳಿಗೆ ತುಂಬೀತು. ಬರ ಬಿದ್ದ ವರ್ಷ ಹಾಡಿದವರಿಗೂ ಉಪವಾಸ, ಕೇಳಿದವರಿಗೂ ಉಪವಾಸ. ಈ ಬದುಕನ್ನು ಇಂದು ನಾವು ರಮ್ಯವಾಗಿ ವರ್ಣಿಸಬಾರದು. ಬಸರಿಗಿಡದ ವೀರಪ್ಪನವರಂತಹ ಗದುಗಿನ ದಾನಿಗಳು ಆಶ್ರಯವಿತ್ತು ಶಾಲೆಗೆ ಒಂದು ನೆಲೆ ದೊರೆತುದು ಆ ಕಷ್ಟದ ತರುವಾಯ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರವು ಶಿಷ್ಯರಾದ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಅವರು ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರು. ಆಗ ಅವರ ವಯಸ್ಸು 30. ಅಂದಿನಿಂದ 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, 66 ವರ್ಷಗಳ ಕಾಲ ಆ ಭಾರವನ್ನು ಇಳಿಸಲಿಲ್ಲ. ಹಾಡಿದರು, ಹಲವು ವಾದ್ಯಗಳನ್ನು ನುಡಿಸಿದರು, ಕನ್ನಡ ಸಂಸ್ಕೃತ ಹಿಂದಿಗಳಲ್ಲಿ ಗ್ರಂಥ ರಚಿಸಿದರು, ನಾಟಕಗಳನ್ನು ಬರೆದು ಆಶ್ರಮದ ನಾಟ್ಯಸಂಘದಿಂದ ಆಡಿಸಿದರು. ನಾಟಕದ ಹುಟ್ಟುವಳಿ, ಕಚೇರಿಯ ಸಂಭಾವನೆ, ಪುರಾಣದ ಕಾಣಿಕೆ ಎಲ್ಲವೂ ಆಶ್ರಮದ ಒಲೆಗೆ ಸೇರಿದವು. ಉತ್ತರ ಕರ್ನಾಟಕದ ಹಳ್ಳಿಗರು ಅವರನ್ನು 'ಅಜ್ಜಾರು' ಎಂದು ಕರೆದು ಊರೂರಲ್ಲಿ ತುಲಾಭಾರ ಮಾಡಿದರು. ತಕ್ಕಡಿಯ ಒಂದು ಕಡೆ ಅಜ್ಜನವರು ಕುಳಿತರೆ ಇನ್ನೊಂದು ಕಡೆ ಬಿದ್ದ ನಾಣ್ಯವು ಮಕ್ಕಳ ರೊಟ್ಟಿಯಾಗುತ್ತಿತ್ತು. 2010ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಭೂಷಣವನ್ನು ಪ್ರಕಟಿಸಿತು.

ಈ ಮನೆಯಿಂದ ಹೊರಬಂದವರಲ್ಲಿ ಬಸವರಾಜ ರಾಜಗುರುಗಳ (1920-1991) ಒಂದು ಪ್ರಸಂಗ ಸ್ಮರಣೀಯವಾಗಿದೆ. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಜರುಗಿತು. ಹದಿಹರೆಯದ ರಾಜಗುರುಗಳು ಮೊದಲ ಬಾರಿಗೆ ದೊಡ್ಡ ಸಭೆಯಲ್ಲಿ ಹಾಡಿದುದು ಅಲ್ಲಿ. ಅಂದು ಅವರಿಗೆ ತಬಲಾ ಸಾಥಿ ನೀಡಿದವರು ಸ್ವತಃ ಪಂಚಾಕ್ಷರಿ ಗವಾಯಿಗಳು. ಸಭೆಯ ನಡುವೆ ಶಿಷ್ಯನನ್ನು ಕೂರಿಸಿ ಗುರುವು ಪಕ್ಕಕ್ಕೆ ಸರಿದು ಠೇಕಾ ಹಿಡಿದರು. ಬಳ್ಳಾರಿ ಸೀಮೆಯ ಎಂ. ವೆಂಕಟೇಶಕುಮಾರರು 1968ರಲ್ಲಿ ಬಾಲಕರಾಗಿ ಆಶ್ರಮ ಸೇರಿ ಸುಮಾರು 12 ವರ್ಷ ಪುಟ್ಟರಾಜ ಗವಾಯಿಗಳ ಬಳಿ ಕಲಿತರು; 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಇವರಿಬ್ಬರೂ ಕಣ್ಣುಳ್ಳವರು ಎಂಬುದನ್ನು ವಾಚಕರು ಗಮನಿಸಬೇಕು. ಕಣ್ಣಿಲ್ಲದವರು ಕಣ್ಣುಳ್ಳವರಿಗೆ ವಿದ್ಯೆ ಕೊಟ್ಟರು, ಅನ್ನವನ್ನೂ ಕೊಟ್ಟರು. ಸಹಾಯ ಯಾರಿಂದ ಯಾರಿಗೆ ಹರಿಯಬೇಕೆಂದು ನಾವು ತಿಳಿದಿದ್ದೇವೆಯೋ ಆ ಕ್ರಮವೇ ಇಲ್ಲಿ ತಿರುವುಮುರುವಾಗಿದೆ. ಇವರಷ್ಟು ಹೆಸರಾಗದ ಶಿಷ್ಯರ ಸಂಖ್ಯೆ ದೊಡ್ಡದು. ಶಾಲೆಗಳ ಸಂಗೀತ ಶಿಕ್ಷಕರಾಗಿ, ಪುರಾಣ ಪ್ರವಚನಕ್ಕೆ ಹಾರ್ಮೋನಿಯಂ ತಬಲಾ ಸಾಥಿಗಳಾಗಿ, ಕೀರ್ತನಕಾರರಾಗಿ ಅವರು ತಮ್ಮ ಸಂಸಾರಗಳನ್ನು ಹೊರೆದರು.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡಬಹುದು. ಲಂಡನ್ನಿನಲ್ಲಿ ಮಹಾಕಲಾವಿದನೊಬ್ಬನು ಪರರಿಗಾಗಿ ಹಾಡಿಸಿದನು. ಮಕ್ಕಳು ಪಡೆಯುವವರಾಗಿಯೇ ಉಳಿದರು. ವೆನಿಸ್ಸಿನಲ್ಲಿ ಮಕ್ಕಳೇ ಹಾಡಿ ಮನೆಯನ್ನು ಸಾಕಿದರು. ಆದರೆ ಹೊರಗೆ ಹೋದವಳ ಹಾಡು ನಿಂತಿತು. ಗದುಗಿನಲ್ಲಿ ಮಕ್ಕಳೇ ಹಾಡಿದರು, ಹಾಡನ್ನು ಹೊತ್ತುಕೊಂಡೇ ಹೊರಗೆ ಹೋದರು. ದಾನ ಮತ್ತು ದಾಸೋಹಗಳ ವ್ಯತ್ಯಾಸವನ್ನು ವಚನ ಸಾಹಿತ್ಯದ ತರಗತಿಯಲ್ಲಿ ಎಷ್ಟೋ ಬಾರಿ ವಿವರಿಸಿದ್ದೇನೆ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಸೇವಕ, ಮತ್ತು ಅವನು ಕೊಡುವುದು ತಾನು ಕಾಯಕ ಮಾಡಿ ತಂದುದನ್ನು. ಇಂದು ಆಶ್ರಮದಲ್ಲಿ ಉಣ್ಣುವ ಕಿರಿಯನು ಹಿರಿಯನ ಹಾಡಿನ ಫಲವನ್ನು ಉಣ್ಣುತ್ತಾನೆ. ನಾಳೆ ಅವನ ಹಾಡನ್ನು ಮತ್ತೊಬ್ಬನು ಉಣ್ಣುತ್ತಾನೆ. ಇಲ್ಲಿ ಕೊಡುವವರ ಕುಲವೊಂದು, ಕೊಳ್ಳುವವರ ಕುಲವೊಂದು ಎಂದು ಗೆರೆ ಎಳೆಯಲು ಬರುವುದಿಲ್ಲ.

ಹೀಗೆಂದ ಮಾತ್ರಕ್ಕೆ ಪರಾರ್ಥ ಕಚೇರಿಗಳು ಕೀಳೆಂದು ನನ್ನ ಅಭಿಪ್ರಾಯವಲ್ಲ. ಎಂ. ಎಸ್. ಸುಬ್ಬುಲಕ್ಷ್ಮಿಯವರು ತಮ್ಮ ಜೀವಮಾನದಲ್ಲಿ ಹಾಡಿದ ಸಹಾಯಾರ್ಥ ಕಚೇರಿಗಳಿಂದ ಎಷ್ಟೋ ಆಸ್ಪತ್ರೆ ವಿದ್ಯಾಸಂಸ್ಥೆಗಳು ಬದುಕಿವೆ. 1974ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದುದು ಸಾರ್ವಜನಿಕ ಸೇವೆಯ ವಿಭಾಗದಲ್ಲಿ. ಪ್ರವಾಹಕ್ಕೆ ಸಿಕ್ಕವರು ಮೊದಲು ರಾಗ ಕಲಿತು ಬಳಿಕ ಅನ್ನ ಪಡೆಯಲಿ ಎನ್ನುವುದು ಅವಿವೇಕ. ಹಾಗೆಯೇ ಗದುಗಿನ ಮಾರ್ಗದಲ್ಲಿಯೂ ಅಪಾಯಗಳಿಲ್ಲದೆ ಇಲ್ಲ. ಅಂಗವೈಕಲ್ಯವನ್ನು ವೇದಿಕೆಯ ಮೇಲೆ ತೋರಿಸಿ ಕರುಣೆ ಗಳಿಸುವ ಪ್ರಲೋಭನೆಯು ಇಂತಹ ಎಲ್ಲ ಸಂಸ್ಥೆಗಳ ಬಾಗಿಲಲ್ಲಿಯೂ ಕಾದಿರುತ್ತದೆ. ಕನಿಕರದಿಂದ ಬಂದ ಕೇಳುಗನು ಒಮ್ಮೆ ಬಂದು ಕಾಸು ಹಾಕಿ ಹೋಗುತ್ತಾನೆ; ಸ್ವರದ ಸವಿಗೆ ಬಂದವನು ಮರಳಿ ಬರುತ್ತಾನೆ. ಪಂಚಾಕ್ಷರಿ ಗವಾಯಿಗಳು ಶಿಷ್ಯರಿಂದ ವರ್ಷಾನುಗಟ್ಟಲೆ ಕಠಿಣ ಸಾಧನೆ ಮಾಡಿಸಿದುದರ ಮರ್ಮವು ಇದೇ ಇರಬೇಕು. ಶಿಷ್ಯನು ಚೆನ್ನಾಗಿ ಹಾಡಿದರೆ ಜನರು ಅವನ ಕಣ್ಣನ್ನು ಮರೆತು ಹಾಡನ್ನು ಕೇಳುತ್ತಾರೆ.

ನಮ್ಮ ಊರುಗಳಲ್ಲಿ ಸಹಾಯಾರ್ಥ ಕಚೇರಿಗಳು ಇನ್ನೂ ನಡೆಯುತ್ತಿವೆ, ನಡೆಯಲಿ. ಏರ್ಪಡಿಸುವ ಮಹನೀಯರಲ್ಲಿ ನನ್ನ ಬಿನ್ನಹ ಚಿಕ್ಕದು. ಡಬ್ಲಿನ್ನಿನವರಂತೆ, ಹುಟ್ಟುವಳಿ ಯಾರಿಗೆಂಬುದನ್ನು ಮೊದಲೇ ಸಾರಿರಿ. ಯಾರ ಹೆಸರಿನಲ್ಲಿ ಕಚೇರಿಯೋ ಅವರಿಗೆ ಮುಂದಿನ ಸಾಲಿನಲ್ಲಿ ಸ್ಥಳ ಬಿಡಿರಿ. ಸಾಧ್ಯವಾದರೆ, ಬಂದ ಹಣದಲ್ಲಿ ಒಂದು ಪಾಲನ್ನು ಆ ಮಕ್ಕಳ ಕೈಗೆ ಒಂದು ಹಾರ್ಮೋನಿಯಂ ಕೊಡಲು ತೆಗೆದಿಡಿರಿ. ಅಂದು ತಟ್ಟಿಯ ಸಂದಿಗೆ ಕಿವಿಯಿಟ್ಟು ನಿಂತಿದ್ದ ಹುಡುಗರಲ್ಲಿ ಒಬ್ಬನು ಮರುದಿನ ತರಗತಿಯಲ್ಲಿ, ಹಿಂದಿನ ರಾತ್ರಿ ಕೇಳಿದ ಆಲಾಪದ ಒಂದು ತುಣುಕನ್ನು ಮೆಲ್ಲಗೆ ಗುನುಗುತ್ತಿದ್ದನು. ಲೆಕ್ಕ ಹೇಳಿಕೊಡುತ್ತಿದ್ದ ನಾನು ಅವನನ್ನು ಗದರಿಸಿ ಸುಮ್ಮನಾಗಿಸಿದೆ. ಗದುಗು ಆ ಹಳ್ಳಿಗೆ ದೂರವೇನೂ ಇರಲಿಲ್ಲ.